ಹವ್ಯಾಸದ ತೋಟದಲ್ಲಿ ದನ, ಕುದುರೆ ಸಾಕಣೆ

ಹೊಟ್ಟೆಪಾಡಿಗೆ ಬೇರೆ ಕಸುಬಿದ್ದು, ಆಸೆಗಾಗಿ ಎರಡು-ಮೂರು ಹಸು ಮತ್ತು ಒಂದೆರಡು ಕುದುರೆ ಕಟ್ಟಿಕೊಂಡು ನಡೆಸುವ ಸಣ್ಣ ಹಿಡುವಳಿಗೆ ಹವ್ಯಾಸದ ತೋಟ ಎನ್ನಬಹುದು. ಕರ್ನಾಟಕದಲ್ಲಿ ಬೆಂಗಳೂರಿನ ಸುತ್ತಲಿನ ರಾಮನಗರ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಗಳಲ್ಲಿ ಇಂಥ ತೋಟಗಳನ್ನು ಕಾಣಬಹುದು. 1961ರ ಭೂಸುಧಾರಣೆ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರು ಸಾಗುವಳಿ ಜಮೀನು ಕೊಳ್ಳದಂತೆ ತಡೆದಿದ್ದವು. 2020ರ ತಿದ್ದುಪಡಿಯಲ್ಲಿ ಅವು ರದ್ದಾದ ಮೇಲೆ ಪೇಟೆಯವರಿಗೆ ದಾರಿ ಸಲೀಸಾಯಿತು. ಜಮೀನು ಕೈಗೆ ಬಂದೊಡನೆ ಪ್ರಾಣಿ ತಂದು ಕಟ್ಟುವ ಆತುರ ಸಹಜ. ತೋಟ ಕೆಡುವುದೂ ಅಲ್ಲಿಂದಲೇ. ಮೊದಲು ಮೇವು, ಆಮೇಲೆ ಹಸು, ಕೊನೆಗೆ ಕುದುರೆ ಎಂಬ ಕ್ರಮದಲ್ಲಿ ಹೋದವರಿಗೆ ಕಷ್ಟ ಕಡಿಮೆ.

ಮೈಸೂರು ಸಂಸ್ಥಾನ ಈ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಪಾಲಿಸಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಫಿರಂಗಿ ಎಳೆಯುತ್ತಿದ್ದ ಆ ಹಿಂಡುಗಳಿಗೆ ಮಳೆಗಾಲಕ್ಕೆ, ಚಳಿಗಾಲಕ್ಕೆ, ಬೇಸಗೆಗೆ ಬೇರೆ ಬೇರೆ ಕಾವಲುಗಳನ್ನು, ಅಂದರೆ ಹುಲ್ಲುಗಾವಲುಗಳನ್ನು, ಮೀಸಲಿಟ್ಟಿದ್ದರು. ಕುಣಿಗಲ್ಲಿನಲ್ಲಿ ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸಿದ ಜಾಗ ಮುಂದೆ ಓಟದ ಕುದುರೆಗಳ ಸ್ಟಡ್ ಫಾರಂ ಆಗಿ ಹೆಸರಾಯಿತು. ಅಲ್ಲಿಯೂ ಬಂಡವಾಳ ನೂರಾರು ಎಕರೆ ಹುಲ್ಲುಗಾವಲೇ. ಇಂದಿನ ಎರಡು-ಮೂರು ಎಕರೆಯ ತೋಟಕ್ಕೆ ಕಾವಲಿಲ್ಲ. ಮೇವನ್ನು ಬೆಳೆದುಕೊಳ್ಳಬೇಕು, ಇಲ್ಲವೇ ಕೊಳ್ಳಬೇಕು.

ದೊಡ್ಡ ಗಾತ್ರದ ಒಂದು ಹಸುವಿಗೆ ದಿನಕ್ಕೆ 25ರಿಂದ 30 ಕೆ.ಜಿ. ಹಸಿಮೇವು, ಜೊತೆಗೆ 5-6 ಕೆ.ಜಿ. ಒಣಹುಲ್ಲು ಬೇಕು. ವರ್ಷದ ಲೆಕ್ಕಕ್ಕೆ ಹಸಿಮೇವೇ ಸುಮಾರು 10 ಟನ್. 450 ಕೆ.ಜಿ. ತೂಗುವ ಕುದುರೆ ತನ್ನ ತೂಕದ ಶೇ. 2ರಷ್ಟು, ಅಂದರೆ ದಿನಕ್ಕೆ 9 ಕೆ.ಜಿ.ಯಷ್ಟು ಒಣಪದಾರ್ಥ ತಿನ್ನುತ್ತದೆ. ಬಯಲುಸೀಮೆಯ ಮಳೆಯಾಶ್ರಿತ ಒಂದು ಎಕರೆಯನ್ನೇ ನಂಬಿ ಒಂದು ಕುದುರೆಯನ್ನೂ ವರ್ಷವಿಡೀ ಮೇಯಿಸಲಾಗದು. ಕೊಳವೆಬಾವಿಯ ನೀರು ಬೇಸಗೆಯಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂದು ತಿಳಿಯಲು ಒಂದು ಬೇಸಗೆ ಕಳೆಯಬೇಕು. ರಾಗಿ ಕೊಯ್ಲಿನ ಹೊತ್ತಿಗೆ ಹುಲ್ಲು ಕೊಂಡು ಬಣವೆ ಒಟ್ಟಿಕೊಂಡರೆ ಏಪ್ರಿಲ್, ಮೇ ತಿಂಗಳಲ್ಲಿ ದುಬಾರಿ ಬೆಲೆಗೆ ಕೈಯೊಡ್ಡುವುದು ತಪ್ಪುತ್ತದೆ.

ಎರಡೂ ಹುಲ್ಲು ತಿನ್ನುವ ಪ್ರಾಣಿಗಳು ಎಂಬ ಕಾರಣಕ್ಕೆ ಒಂದೇ ಮೇವು ಹಾಕುವುದು ಇಂಥ ತೋಟಗಳ ದೊಡ್ಡ ಅಪಾಯ. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆ. ನುಂಗಿದ್ದನ್ನು ಮೆಲುಕು ಹಾಕುತ್ತದೆ, ಮೊದಲ ಕೋಣೆಯ ಸೂಕ್ಷ್ಮಜೀವಿಗಳು ಎಷ್ಟೋ ನಂಜನ್ನು ಅಲ್ಲೇ ಮುರಿಯುತ್ತವೆ. ಕುದುರೆಗೆ ಸಣ್ಣದೊಂದೇ ಹೊಟ್ಟೆ. ನಾರು ಕೊಳೆತು ಜೀರ್ಣವಾಗುವುದು ಅದರಾಚೆ, ದೊಡ್ಡಕರುಳಿನಲ್ಲಿ. ಹೈನುಗಾರರು ನೆಚ್ಚಿರುವ ಹೈಬ್ರಿಡ್ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಅಂಶವಿದೆ. ರೂಢಿಯಾದ ಹಸು ಅದನ್ನು ಅರಗಿಸಿಕೊಳ್ಳುತ್ತದೆ. ಕುದುರೆಯಲ್ಲಿ ಅದೇ ಆಕ್ಸಲೇಟ್ ಮೇವಿನ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ದೇಹ ಮೂಳೆಯಿಂದ ಸುಣ್ಣ ಕರಗಿಸಿಕೊಳ್ಳತೊಡಗುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ನಡಿಗೆ ಬಿಗಿಯುತ್ತದೆ, ಕಾಲು ಕುಂಟುತ್ತದೆ, ಮುಖದ ಎರಡೂ ಕಡೆ ಮೂಳೆ ಊದಿಕೊಳ್ಳುತ್ತದೆ. ರಂಜಕ ಹೆಚ್ಚಿರುವ ಗೋಧಿ ಬೂಸಾ ಅತಿಯಾದರೂ ಫಲ ಇದೇ. ಕುದುರೆಗೆ ಗರಿಕೆ, ರೋಡ್ಸ್ ಹುಲ್ಲು ವಾಸಿ. ಸುಣ್ಣದಂಶ ಹೇರಳವಾಗಿರುವ ಕುದುರೆ ಮೆಂತೆ ಸೊಪ್ಪನ್ನು ಮಿತವಾಗಿ ಸೇರಿಸಬಹುದು. ಅದೇ ಸೊಪ್ಪನ್ನು ಹಸಿದ ಹಸುವಿಗೆ ಹಸಿಯಾಗಿ ರಾಶಿ ಹಾಕಿದರೆ ಹೊಟ್ಟೆ ಉಬ್ಬರಿಸಿ ಜೀವಕ್ಕೇ ಬರುತ್ತದೆ.

ದನದ ಹಿಂಡಿಯ ಚೀಲವನ್ನು ಕುದುರೆಯ ಬಾಯಿಗೆ ಸಿಗದಂತೆ ಬೀಗ ಹಾಕಿಡಬೇಕು. ಕೆಲವು ದನದ, ಕೋಳಿಯ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಅಲ್ಪ ಪ್ರಮಾಣದಲ್ಲೂ ಕುದುರೆಯ ಹೃದಯದ ಸ್ನಾಯುವನ್ನು ಕೆಡಿಸಿ ಕೊಲ್ಲಬಲ್ಲದು. ಬೂಷ್ಟು ಹಿಡಿದ ಮುಸುಕಿನ ಜೋಳ ಕುದುರೆಯ ಮಿದುಳನ್ನು ಕೆಡಿಸುತ್ತದೆ. ಹುರುಳಿ ಹಳೆಯ ಕಾಲದಿಂದ ಬಂದ ಒಳ್ಳೆಯ ಆಹಾರವಾದರೂ ಬೇಯಿಸಿ, ಅಳತೆಯಲ್ಲಿ ಕೊಡಬೇಕು. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಪುಣ್ಯವೆಂದು ದನಕ್ಕೆ ಸುರಿಯುವುದೂ ನಿಲ್ಲಬೇಕು. ಅನ್ನ ಹುಳಿಯಾಗಿ ರಾತ್ರಿ ಬೆಳಗಾಗುವಷ್ಟರಲ್ಲಿ ಹಸು ಸತ್ತ ಉದಾಹರಣೆಗಳು ಪಶುವೈದ್ಯರಿಗೆ ಹೊಸದಲ್ಲ. ಕುದುರೆ ವಾಂತಿ ಮಾಡಲಾರದು. ಅದು ಮತ್ತೆ ಮತ್ತೆ ಪಕ್ಕೆಯ ಕಡೆ ತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮಲಗಿ ಹೊರಳಾಡುವುದು, ಲದ್ದಿ ಹಾಕದಿರುವುದು ಹೊಟ್ಟೆಶೂಲೆಯ ಗುರುತುಗಳು. ಆಗ ಮೇವು ತೆಗೆದು ವೈದ್ಯರನ್ನು ಕರೆಸಬೇಕು. ನಾಳೆಯವರೆಗೆ ಕಾಯುವ ಕಾಯಿಲೆ ಇದಲ್ಲ.

ಜೊತೆಯಾಗಿ ಮೇಯಿಸುವುದರಲ್ಲಿ ಲಾಭವೂ ಇದೆ. ಕುದುರೆ ಎಳೆಹುಲ್ಲನ್ನು ಬುಡದವರೆಗೆ ಕಚ್ಚಿ, ತಾನು ಲದ್ದಿ ಹಾಕಿದ ಜಾಗವನ್ನು ಬಿಟ್ಟುಬಿಡುತ್ತದೆ. ಅಲ್ಲಿ ಎತ್ತರ ಬೆಳೆದ ಹುಲ್ಲನ್ನು ಹಸು ನಾಲಗೆಯಿಂದ ಸುತ್ತಿ ಕಿತ್ತು ತಿನ್ನುತ್ತದೆ. ಒಂದರ ಹೊಟ್ಟೆಹುಳು ಬಹುಪಾಲು ಇನ್ನೊಂದರಲ್ಲಿ ಬೆಳೆಯದು. ಆದರೆ ಕೊಂಬಿನ ಹಳ್ಳಿಕಾರ್ ದನವನ್ನೂ ಚುರುಕಿನ ಕುದುರೆಯನ್ನೂ ಇಕ್ಕಟ್ಟಿನ ದೊಡ್ಡಿಯಲ್ಲಿ ಕೂಡಬಾರದು. ಗೋದಲಿ, ಕೊಟ್ಟಿಗೆ, ಲಾಯ ಎಲ್ಲವೂ ಬೇರೆಯಾಗಿರಲಿ. ಲಾಯದ ಒಂದೊಂದು ಅಂಕಣ 12 ಅಡಿ ಉದ್ದ, 12 ಅಡಿ ಅಗಲವಿದ್ದು ಗಾಳಿಯಾಡಬೇಕು. ಮುಳ್ಳುತಂತಿಯ ಬೇಲಿ ದನಕ್ಕೆ ಸಾಕು. ಬೆದರಿ ಓಡುವ ಕುದುರೆಯ ಎದೆ, ಕಾಲು ಅದರಲ್ಲಿ ಸೀಳಿಹೋಗುತ್ತವೆ.

ದನದ ಆಯ್ಕೆಗೆ ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆಯ ಜಾತ್ರೆಗಳಿವೆ. ಅಲ್ಲಿ ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದೆಯೋ ಎಂದು ವಯಸ್ಸು ಗೊತ್ತುಮಾಡುತ್ತಾರೆ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಸುಳಿ ನೋಡುವುದಕ್ಕಿಂತ ಗೊರಸು, ಕೆಚ್ಚಲು, ನಡಿಗೆ ನೋಡುವುದು ಮುಖ್ಯ. ಮೂರು ಅಡಿಯ ಆಸುಪಾಸು ಎತ್ತರದ ಮಲೆನಾಡು ಗಿಡ್ಡ ಕಡಿಮೆ ಮೇವಿನಲ್ಲಿ ಬದುಕಿ ಮನೆಬಳಕೆಗಾಗುವಷ್ಟು ಹಾಲು ಕೊಡುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಕುದುರೆಗಳಲ್ಲಿ ಮಾರವಾಡಿ, ಕಾಠಿಯಾವಾಡಿ ತಳಿಗಳನ್ನು ಮಹಾರಾಷ್ಟ್ರದ ಸಾರಂಗಖೇಡದಂಥ ಜಾತ್ರೆಗಳಿಂದ ತರುತ್ತಾರೆ. ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ಅಗ್ಗಕ್ಕೆ ಸಿಕ್ಕೀತು. ಅದರ ಬಿಸಿರಕ್ತ, ಹಳೆಯ ಪೆಟ್ಟುಗಳನ್ನು ನಿಭಾಯಿಸಲು ಅನುಭವಿಗಳೇ ಬೇಕು. ಕುದುರೆ ಗುಂಪಿನ ಪ್ರಾಣಿ, ಒಂಟಿಯಾಗಿ ಕೊರಗುತ್ತದೆ. ಸಾಧ್ಯವಾದರೆ ಎರಡಿರಲಿ.

ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಬೇಕು; ಗಳಲೆ, ಚಪ್ಪೆ ರೋಗ, ಚರ್ಮಗಂಟು ರೋಗಗಳ ಲಸಿಕೆಯನ್ನೂ ತಪ್ಪಿಸಬಾರದು. ಕುದುರೆಗೆ ಧನುರ್ವಾಯು ಬಲುಬೇಗ ತಗಲುತ್ತದೆ, ಗೊರಸಿಗೆ ಚುಚ್ಚಿದ ಒಂದು ಮೊಳೆ ಸಾಕು. ಎರಡನ್ನೂ ಕೂಡಿಸಿ ಸಾಕುವವರು ವಿಶೇಷವಾಗಿ ಅರಿಯಬೇಕಾದದ್ದು ಸರ್ರಾ. ಕಚ್ಚುವ ದೊಡ್ಡ ನೊಣಗಳು ಹರಡುವ ಈ ರೋಗದ ಪರಾವಲಂಬಿ ದನದ ರಕ್ತದಲ್ಲಿ ಸದ್ದಿಲ್ಲದೆ ಉಳಿದು, ಪಕ್ಕದ ಕುದುರೆಯಲ್ಲಿ ಬಿಟ್ಟುಬಿಟ್ಟು ಬರುವ ಜ್ವರ, ರಕ್ತಹೀನತೆ, ಕಾಲಿನ ಊತವಾಗಿ ಕಾಣಿಸಿಕೊಳ್ಳುತ್ತದೆ. ಗ್ಲಾಂಡರ್ಸ್ ಮನುಷ್ಯರಿಗೂ ಅಂಟುವ ರೋಗ. ಕುದುರೆ ಕೊಳ್ಳುವ ಮುನ್ನವೇ ರಕ್ತಪರೀಕ್ಷೆಯಾಗಬೇಕು. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಕಾಯಿಲೆಗಳ ತಪಾಸಣೆಗೆ ಹೆಸರಾದದ್ದು. ದನದ ವೈದ್ಯರು ಹೋಬಳಿ ಮಟ್ಟದಲ್ಲೂ ಸಿಗುತ್ತಾರೆ, ಕುದುರೆ ಬಲ್ಲವರು ವಿರಳ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ನೋಡುವವರೂ ಹಾಗೆಯೇ.

ಭಾನುವಾರ ಮಾತ್ರ ಬರುವ ಯಜಮಾನನಿಂದ ಇದಾವುದೂ ನಡೆಯದು. ದಿನವೂ ತೋಟದಲ್ಲೇ ಇದ್ದು, ಮೇವಿನ ವ್ಯತ್ಯಾಸ ಬಲ್ಲ ಒಬ್ಬ ಆಳಿಗೆ ನ್ಯಾಯವಾದ ಸಂಬಳ, ವಾಸಕ್ಕೆ ಮನೆ ಕೊಡುವುದು ಲಾಯ ಕಟ್ಟುವುದಕ್ಕಿಂತ ಮೊದಲ ಖರ್ಚು. ಹಸು 15-20 ವರ್ಷ, ಕುದುರೆ 25-30 ವರ್ಷ ಬದುಕಬಲ್ಲವು. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣೆ ಅಧಿನಿಯಮದ ಪ್ರಕಾರ ಹಸು, ಎತ್ತು, ಗಂಡುಕರುಗಳನ್ನು ಕಸಾಯಿಗೆ ಮಾರುವಂತಿಲ್ಲ; ಮುದಿ ಕುದುರೆಯನ್ನು ಕೊಳ್ಳುವವರಿಲ್ಲ. ಹಾಲು ಬತ್ತಿದ ಹಸುವಿಗೂ ಸವಾರಿಗೆ ಬಾರದ ಕುದುರೆಗೂ ಕೊನೆಯವರೆಗೆ ಮೇವು ಹಾಕುವ ಶಕ್ತಿ ಇಲ್ಲದವರು ಅವನ್ನು ಕೊಳ್ಳದಿರುವುದೇ ಸರಿ.