ದೀಪ ಹಚ್ಚಿದ ಮೇಲಿನ ಪಾಠ

ಹೋಂವರ್ಕ್ ಎಂದರೆ ಬರವಣಿಗೆಯೇ ಎಂಬ ತಿಳಿವಳಿಕೆ ಅಷ್ಟೇನೂ ಹಳೆಯದಲ್ಲ. ಕಾಗದ ದುರ್ಲಭವಾಗಿದ್ದ ಕಾಲದಲ್ಲಿ ಕನ್ನಡನಾಡಿನ ಮಗು ಊರಿನ ಶಾಲೆಯಾದ ಕೂಲಿಮಠದಿಂದ ಮನೆಗೆ ತರುತ್ತಿದ್ದುದು ಬಾಯಿಪಾಠವನ್ನು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಆ ಶಾಲೆಗಳ ದಿನಚರಿಯೇ ಇದೆ. ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು. ಬೆಳಿಗ್ಗೆ ಆರಕ್ಕೆಲ್ಲ ಪಾಠ ಶುರು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ಮುಂದಿನವನಿಗೆ ಎರಡು. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಬೇಕು. ಕೈ ಕುದುರಿದ ಮೇಲೆ ಓಲೆಗರಿ, ಇಲ್ಲವೇ ಇದ್ದಿಲು ಮತ್ತು ಅಂಟು ಬಳಿದ ಬಟ್ಟೆಯ ಕಡತದ ಮೇಲೆ ಬಳಪ. ಮರಳಿನಲ್ಲಿ ಬರೆದದ್ದನ್ನು ಮನೆಗೆ ಒಯ್ಯಲಾದೀತೆ? ಮಗ್ಗಿ, ಪದ್ಯಗಳೆಲ್ಲ ನಾಲಗೆಯ ಮೇಲೆಯೇ ಬರಬೇಕಿತ್ತು. ದೀಪ ಹಚ್ಚಿದ ಮೇಲೆ ಮಗು ಕಾಲು, ಅರೆ, ಮುಕ್ಕಾಲಿನ ಮಗ್ಗಿ ಒಪ್ಪಿಸಿದರೆ ಒಲೆಯ ಮುಂದಿದ್ದವರಿಗೂ ಅದು ಕೇಳಿಸುತ್ತಿತ್ತು. ಅಕ್ಷರ ಬಾರದವರೂ ಎಡವಿದ ಜಾಗವನ್ನು ಹಿಡಿಯಬಲ್ಲರು, ಲಯ ತಪ್ಪಿದ್ದು ಕಿವಿಗೆ ತಿಳಿಯುತ್ತದೆ. ಆ ಪಾಠಕ್ಕೆ ಇಡೀ ಮನೆಯನ್ನು ಸೇರಿಸಿಕೊಳ್ಳುವ ಶಕ್ತಿ ಇದ್ದದ್ದು ಇದರಿಂದಲೇ.

ಅರ್ಥ ತಿಳಿಯದ ಗಿಳಿಪಾಠವನ್ನು ಹೊಗಳಬೇಕೆ ಎಂದು ಕೇಳಬಹುದು. ಕ್ಯಾಂಬೆಲ್ಲನ ದೂರೂ ಅದೇ, ಮತ್ತು ಅದು ನ್ಯಾಯವಾದದ್ದೇ. ಇನ್ನೂ ದೊಡ್ಡ ದೋಷ ಅವನ ಅಂಕಿಗಳಲ್ಲಿದೆ: 6,641 ವಿದ್ಯಾರ್ಥಿಗಳಲ್ಲಿ ಹುಡುಗಿಯರು ಬರೀ 60. ಹುಡುಗಿಯರನ್ನು ಹೀಗೆ ಹೊರಗಿಟ್ಟ ಮಠ ಮರಳಿ ಬರುವುದು ಬೇಡ. ಆದರೆ ಮಠದಲ್ಲಿ ಸಿಗದ ಅರ್ಥ ಸಿಗುವ ಇನ್ನೊಂದು ದಾರಿ ನಮ್ಮಲ್ಲಿತ್ತು. ಕುಮಾರವ್ಯಾಸನ ಭಾರತವನ್ನೋ ಜೈಮಿನಿಯನ್ನೋ ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳುವುದು. ಜಗುಲಿಯಲ್ಲೋ ಗುಡಿಯಲ್ಲೋ ನಡೆಯುತ್ತಿದ್ದ ಈ ವಾಚನ, ವ್ಯಾಖ್ಯಾನಗಳಲ್ಲಿ ಮಕ್ಕಳ ಕಿವಿಗೆ ಕಾವ್ಯ ಅರ್ಥಸಮೇತ ಬೀಳುತ್ತಿತ್ತು. ಗಟ್ಟಿಯಾಗಿ ಓದುವುದಕ್ಕೂ ಉರು ಹೊಡೆಯುವುದಕ್ಕೂ ಇರುವ ಈ ವ್ಯತ್ಯಾಸವನ್ನು ಹಳೆಯದನ್ನು ತೆಗಳುವವರೂ ಹೊಗಳುವವರೂ ಮರೆಯುತ್ತಾರೆ.

ನೋಟ್‌ಬುಕ್ ಬಂದ ಮೇಲೆ ಮನೆಪಾಠ ಮೌನವಾಯಿತು. ಬರೆದದ್ದನ್ನು ತಿದ್ದಲು ಓದುಬಲ್ಲವರೇ ಬೇಕು. ಅಂಥವರಿಲ್ಲದ ಮನೆಯ ಮಗು ಮಾರನೆಯ ದಿನ ತಲೆ ತಗ್ಗಿಸಬೇಕು, ಇಲ್ಲವೇ ಟ್ಯೂಷನ್ನಿಗೆ ದುಡ್ಡು ತೆರಬೇಕು. ಮೈಸೂರಿನ ಕಾದಂಬರಿಕಾರ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಶಾಲಾಚೀಲದ ಭಾರದ ಬಗ್ಗೆ ಮಾತಾಡಿದರು. ಶಾಲಾಮಕ್ಕಳ ಕಲಿಕೆಯ ಹೊರೆಯನ್ನು ಪರಿಶೀಲಿಸಿದ ಯಶಪಾಲ್ ಸಮಿತಿ 1993ರಲ್ಲಿ ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಕೂಡದು ಎಂದಿತು, ಸುತ್ತಲಿನದನ್ನು ನೋಡಿ ತಿಳಿಯುವ ಕೆಲಸಕ್ಕಷ್ಟೇ ವಿನಾಯಿತಿ. 2020ರ ಶಾಲಾಚೀಲ ನೀತಿಯೂ ಎರಡನೇ ತರಗತಿಯವರೆಗೆ ಅದನ್ನು ಬೇಡವೆಂದಿದೆ. ಹಾಗೆ ಬಿಡುವಾದ ಸಂಜೆಗೆ ಟ್ಯೂಷನ್ ತುಂಬಬೇಡಿ. ಮಗುವಿನ ಕೈಗೆ ಒಂದು ಕಥೆ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಿಸಿ, ಮನೆಯವರೆಲ್ಲ ಕೂತು ಕೇಳಿ. ಅದಕ್ಕೆ ನಿಮಗೆ ಓದು ಬರಲೇಬೇಕೆಂದೇನೂ ಇಲ್ಲ.