ಬೇಕರಿ ಲೆಕ್ಕಕ್ಕೆ ಬಂದ ಕಂಪ್ಯೂಟರ್

ಪುಣೆಗೆ ಬಂದ ಹೊಸದರಲ್ಲಿ ನಾನು ಒಂದು ಫ್ಯಾಕ್ಟರಿಗೆ ಅಕೌಂಟ್ಸ್ ರಿಪೋರ್ಟ್ ಮಾಡಿಕೊಟ್ಟಿದ್ದೆ. 40 ಪುಟ, ಒಂದು ಪೈಸೆ ತಪ್ಪಿಲ್ಲ. ಅಲ್ಲಿನ ಮ್ಯಾನೇಜರ್ ಪುಟ ತಿರುವಿ ಹಾಕಿ ಕೇಳಿದರು: "ಇದೆಲ್ಲ ಸರಿ, ನಾಳೆ ಯಾವ ಮಾಲು ಎಷ್ಟು ಮಾಡಿಸಲಿ ಅನ್ನೋದು ಎಲ್ಲಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ಕಂಪ್ಯೂಟರನ್ನೇ ಕಟ್ಟಿದವರ ಕತೆ ಇವತ್ತು ಹೇಳ್ತೀನಿ.

ಲಂಡನ್ನಿನ ಜೆ. ಲಯನ್ಸ್ ಕಂಪನಿ ಮಾರುತ್ತಿದ್ದದ್ದು ಚಹಾ, ಕೇಕು, ಬ್ರೆಡ್ಡು. ಅವರ ಟೀ ಅಂಗಡಿಗಳಲ್ಲಿ ಒಂದೊಂದು ಬಿಲ್ಲಿಗೆ ಸಿಗುವ ಲಾಭ ತೀರಾ ಕಮ್ಮಿ. ಲೆಕ್ಕ ತಡವಾದರೆ, ನಷ್ಟ ಗೊತ್ತಾಗುವ ಹೊತ್ತಿಗೆ ಕೇಕು ಹಳಸಿರುತ್ತೆ! 1947ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು ಅಮೆರಿಕಕ್ಕೆ ಹೋಗಿ ಕಂಪ್ಯೂಟರುಗಳ ವಿಷಯ ತಿಳಿದು ಬಂದರು. ಆಮೇಲೆ ಲಯನ್ಸ್ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್ಸಾಕ್ ಯೋಜನೆಗೆ ಹಣ ಕೊಟ್ಟು, ಅದರ ಮಾದರಿಯಲ್ಲಿ ತಾನೇ ಒಂದು ಯಂತ್ರ ಕಟ್ಟಿತು. ಹೆಸರು ಲಿಯೋ. 1951ರ ನವೆಂಬರಿನಲ್ಲಿ ಅದು ಬೇಕರಿಯ ಲೆಕ್ಕ ಮಾಡತೊಡಗಿತು. ವ್ಯಾಪಾರದ ನಿತ್ಯದ ಕೆಲಸಕ್ಕೆ ಇಳಿದ ಮೊದಲ ಕಂಪ್ಯೂಟರ್ ಅಂತ ಅದನ್ನು ಗುರುತಿಸುತ್ತಾರೆ. ಮುಂದೆ ಸಂಬಳದ ಲೆಕ್ಕವೂ ಬಂತು. ಒಬ್ಬರ ಸಂಬಳ ಲೆಕ್ಕ ಹಾಕಲು ಗುಮಾಸ್ತರಿಗೆ 8 ನಿಮಿಷ ಹಿಡಿಯುತ್ತಿದ್ದರೆ, ಲಿಯೋಗೆ ಒಂದೂವರೆ ಸೆಕೆಂಡು.

ಆದರೆ ನನಗೆ ಹಿಡಿಸಿದ್ದು ಈ ವೇಗ ಅಲ್ಲ, 1954ರ ಟೀ ಅಂಗಡಿ ಆರ್ಡರ್ ವ್ಯವಸ್ಥೆ. ಪ್ರತಿ ಅಂಗಡಿಗೂ ಒಂದು ಖಾಯಂ ಆರ್ಡರ್ ಇರುತ್ತಿತ್ತು. ಅಂಗಡಿ ನೋಡಿಕೊಳ್ಳುವಾಕೆ ಬದಲಾವಣೆ ಇದ್ದರೆ ಅದಷ್ಟನ್ನೇ ಫೋನಿನಲ್ಲಿ ಹೇಳಬೇಕು. ಈ ಕಡೆ ಕೂತವರು ಕೇಳಿಸಿಕೊಳ್ಳುತ್ತಲೇ ಕಾರ್ಡ್ ಪಂಚ್ ಮಾಡುತ್ತಿದ್ದರು. ಎಷ್ಟು ತಯಾರಿಸಬೇಕು, ಯಾವ ಅಂಗಡಿಗೆ ಏನು ಕಳಿಸಬೇಕು ಅಂತ ಲಿಯೋ ಪಟ್ಟಿ ಕೊಡುತ್ತಿತ್ತು. ಲೆಕ್ಕಪತ್ರಕ್ಕೂ ಅವೇ ಅಂಕಿಗಳು.

ಗಮನಿಸಿ, ಒಂದೇ ಸಲ ಬರೆದ ಅಂಕಿ ಬೇಕರಿಯವನಿಗೂ ಬಂತು, ಲಾರಿ ತುಂಬುವವನಿಗೂ ಬಂತು, ಮ್ಯಾನೇಜರಿಗೂ ಬಂತು. ಡೇವಿಡ್ ಕ್ಯಾಮಿನರ್ ಮತ್ತು ಅವರ ತಂಡದವರು ಕೋಡ್ ಬರೆಯುವ ಮೊದಲು ಕೆಲಸ ಹೇಗೆ ನಡೆಯುತ್ತೆ ಅಂತ ಕೂತು ನೋಡಿದ್ದರ ಫಲ ಇದು.

ನಾನು ಆ 40 ಪುಟ ಮಾಡುವ ಮುಂಚೆ ಆ ಮ್ಯಾನೇಜರನ್ನು ಒಂದು ಮಾತೂ ಕೇಳಿರಲಿಲ್ಲ. ಈಗ ಮೊದಲು ಕೇಳೋದೇ ಅದು: "ಇದನ್ನು ನೋಡಿ ನಾಳೆ ಬೆಳಗ್ಗೆ ನೀವು ಏನು ಮಾಡ್ತೀರಿ, ಸರ್?" ಎಷ್ಟೋ ಸಲ ಅವರಿಗೆ ಬೇಕಾಗಿರೋದು ಒಂದೇ ಪುಟ.

ಮತ್ತೆ ಸಿಗೋಣ.