ಅರಿವಳಿಕೆ ವಿಭಾಗದ ನಾಯಕತ್ವ ಮತ್ತು ಆಡಳಿತ

ಅರಿವಳಿಕೆ ವಿಭಾಗದ ಆಡಳಿತವೆಂದರೆ ಆಸ್ಪತ್ರೆಯ ಅರಿವಳಿಕೆ ತಜ್ಞರು, ತಂತ್ರಜ್ಞರು, ಯಂತ್ರಗಳು, ಔಷಧಗಳು ಮತ್ತು ಥಿಯೇಟರಿನ ವೇಳೆಯನ್ನು ಹೊಂದಿಸಿ ರೋಗಿಯ ಸುರಕ್ಷತೆ ಕಾಯುವ ವ್ಯವಸ್ಥೆ. ಸರ್ಜನ್ನರ ಆಪರೇಷನ್ ಪಟ್ಟಿ, ಹೆರಿಗೆ ಕೋಣೆಯ ತುರ್ತು, ಐಸಿಯು ಕರೆ, ಇವೆಲ್ಲಕ್ಕೂ ಈ ವಿಭಾಗ ಒಟ್ಟಿಗೇ ಒದಗಬೇಕು. ಹಾಗಾಗಿ ಅದರ ಮುಖ್ಯಸ್ಥರಿಗೆ ಅಧಿಕಾರಕ್ಕಿಂತ ಹೊಣೆಯೇ ಹೆಚ್ಚು.

ಇಂಥ ವಿಭಾಗ ಕಟ್ಟಿದ ಮೊದಲಿಗರಲ್ಲಿ ಒಬ್ಬರಾದ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ 1927ರಲ್ಲಿ ಬಂದ ರಾಲ್ಫ್ ವಾಟರ್ಸ್ ಅರಿವಳಿಕೆಯಲ್ಲಿ ಕ್ರಮಬದ್ಧ ತರಬೇತಿ ಆರಂಭಿಸಿ, ವಾರಕ್ಕೊಮ್ಮೆ ಪ್ರಕರಣಗಳನ್ನು ಚರ್ಚಿಸುವ ಪದ್ಧತಿ ಬೆಳೆಸಿದರು. ಆಕ್ಸ್‌ಫರ್ಡ್‌ನಲ್ಲಿ ರಾಬರ್ಟ್ ಮ್ಯಾಕಿಂಟಾಷ್ 1937ರಲ್ಲಿ ಅರಿವಳಿಕೆಯ ಪ್ರಾಧ್ಯಾಪಕರಾದರು.

ಆಡಳಿತದ ಮಹತ್ವವನ್ನು ಎತ್ತಿ ತೋರಿಸಿದವರು ವೈದ್ಯರಲ್ಲ, ಜೆಫ್ರಿ ಕೂಪರ್ ಎಂಬ ಎಂಜಿನಿಯರ್. ಬಾಸ್ಟನ್ನಿನಲ್ಲಿ ಅವರ ತಂಡ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಪ್ಪಿಸಬಹುದಾಗಿದ್ದ 359 ಘಟನೆಗಳ ಪೈಕಿ ಶೇ. 82ರಲ್ಲಿ ಮನುಷ್ಯರ ತಪ್ಪಿತ್ತು. ಉಪಕರಣ ಕೆಟ್ಟದ್ದು ಶೇ. 14ರಲ್ಲಿ ಮಾತ್ರ. ಉಸಿರಾಟದ ಕೊಳವೆ ಕಳಚುವುದು, ಸಿರಿಂಜ್ ಅದಲುಬದಲಾಗುವುದು ಮುಂತಾದ ತಪ್ಪುಗಳ ಹಿಂದೆ ಅನುಭವದ ಕೊರತೆ, ಯಂತ್ರದ ಪರಿಚಯವಿಲ್ಲದಿರುವುದು, ಪರಸ್ಪರ ಮಾತುಕತೆ ಸಾಲದಿರುವುದು ಮತ್ತು ಅವಸರ ಇದ್ದವು. ಇವನ್ನು ಸರಿಪಡಿಸಬೇಕಾದವರು ವಿಭಾಗ ನಡೆಸುವವರೇ.

ಹಾರ್ವರ್ಡ್‌ಗೆ ಸೇರಿದ 9 ಬೋಧನಾ ಆಸ್ಪತ್ರೆಗಳು 1985ರಲ್ಲಿ ಒಪ್ಪಿ, 1986ರಲ್ಲಿ ಪ್ರಕಟಿಸಿದ ಕನಿಷ್ಠ ಮಾನದಂಡಗಳು ಇದರ ಮುಂದಿನ ಹೆಜ್ಜೆ. ಅರಿವಳಿಕೆ ನೀಡುವವರು ಕೋಣೆ ಬಿಟ್ಟು ಹೋಗಬಾರದು, 5 ನಿಮಿಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಹೃದಯ ಬಡಿತ ನೋಡಬೇಕು, ಇಸಿಜಿ ನಿರಂತರವಾಗಿರಬೇಕು ಎಂಬವು ಇಂದು ತೀರ ಸಾಮಾನ್ಯ ಅನಿಸುತ್ತವೆ. ಅಲ್ಲಿ ಹೊಸದೆಂದರೆ ಉಪಕರಣಗಳಲ್ಲ. ತಮ್ಮ ತಮ್ಮ ರೂಢಿಯನ್ನೇ ನಿಯಮವೆಂದುಕೊಂಡಿದ್ದ ಹಿರಿಯರು ಲಿಖಿತ ಕಟ್ಟಳೆಗೆ ಒಳಪಟ್ಟದ್ದು. 1986ರಲ್ಲೇ ಅಮೆರಿಕದ ಅರಿವಳಿಕೆ ತಜ್ಞರ ಸಂಘವೂ ಇಂಥ ಮಾನದಂಡಗಳನ್ನು ಅಂಗೀಕರಿಸಿತು.

ದಿನನಿತ್ಯದ ಆಡಳಿತದಲ್ಲಿ ಡ್ಯೂಟಿ ಪಟ್ಟಿಯೇ ಮೊದಲ ಪರೀಕ್ಷೆ: ರಾತ್ರಿಯಿಡೀ ದುಡಿದವರನ್ನು ಬೆಳಗಿನ ದೊಡ್ಡ ಕೇಸಿಗೆ ಹಾಕಬಾರದು. ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆ ಬೇಗ ಮುಗಿದರೆ ಕೊನೆಗಳಿಗೆಯ ರದ್ದತಿ ತಗ್ಗುತ್ತದೆ. ಮೊದಲ ಆಪರೇಷನ್ ವೇಳೆಗೆ ಸರಿಯಾಗಿ ಶುರುವಾಯಿತೇ ಎಂದು ಆಡಳಿತಗಾರರು ಅಳೆಯುತ್ತಾರೆ. ಅದನ್ನಷ್ಟೇ ಅಳೆದರೆ ಕೂಪರ್ ಗುರುತಿಸಿದ ಅವಸರಕ್ಕೇ ದಾರಿ. ತಪ್ಪು ವರದಿ ಮಾಡಿದವರನ್ನು ದಂಡಿಸುವ ಕಡೆ ವರದಿಗಳೇ ಬರುವುದಿಲ್ಲ. ಕಿರಿಯ ವೈದ್ಯರು, ದಾದಿಯರು ಹಿರಿಯರಿಗೆ ‘ತಡೀರಿ ಸರ್’ ಎನ್ನುವ ಧೈರ್ಯವನ್ನೂ ಮುಖ್ಯಸ್ಥರೇ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2008ರ ಶಸ್ತ್ರಚಿಕಿತ್ಸಾ ತಪಾಸಣಾ ಪಟ್ಟಿ ಇಂಥ ಧೈರ್ಯಕ್ಕೊಂದು ಆಸರೆ.

ಭಾರತದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬ ತಜ್ಞರೇ ಇಡೀ ವಿಭಾಗ. ಅಂಥ ಕಡೆ ಬದಲಿ ವೈದ್ಯರು, ರಜೆ, ಸುಸ್ಥಿತಿಯ ಯಂತ್ರ ಒದಗಿಸುವ ಹೊಣೆ ಆಸ್ಪತ್ರೆಯ ಆಡಳಿತಾಧಿಕಾರಿಯದು. ತಜ್ಞರು ಸಾಲದಿರುವುದರಿಂದ ತುರ್ತು ಹೆರಿಗೆಗಳಿಗಾಗಿ ಸರ್ಕಾರ ಎಂಬಿಬಿಎಸ್ ವೈದ್ಯರಿಗೂ ಜೀವರಕ್ಷಕ ಅರಿವಳಿಕೆ ಕೌಶಲದ ತರಬೇತಿ ಕೊಡಿಸಿದೆ.